ಸೈನ್ಯದ ಟೆಲಿ ಓಪಿಡಿಗೆ ಡ್ಯೂಟಿ ಲಿಸ್ಟ್ ಮಾಡುವ ಕೆಲಸ

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಡಾಕ್ಟರ್ ಆಗಿದ್ದು ನಿವೃತ್ತನಾದವನು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆ ಜೋರಾಗಿದ್ದಾಗ, ಮತ್ತೆ ರೋಗಿಗಳನ್ನು ನೋಡಲು ಕೂತೆ. ಈ ಸಲ ಮನೆಯಲ್ಲೇ, ಲ್ಯಾಪ್‌ಟಾಪ್ ಮುಂದೆ. ಸ್ವಲ್ಪ ದಿನಕ್ಕೆ, ಯಾವ ಹೊತ್ತಿಗೆ ಯಾರು ಕೂರಬೇಕು ಎಂದು ಡ್ಯೂಟಿ ಲಿಸ್ಟ್ ಮಾಡುವ ಕೆಲಸವೂ ನನಗೇ ಬಂತು. ಆಮೇಲೆ ಮಾಜಿ ಸೈನಿಕರ ಪಾಲಿಕ್ಲಿನಿಕ್ ಒಂದರಲ್ಲಿ ಒಪ್ಪಂದದ ಮೇಲೆ ಮೆಡಿಕಲ್ ಆಫೀಸರ್ ಆದೆ. ಟೆಲಿಮೆಡಿಸಿನ್ ಬಗ್ಗೆ ಮಾತು ಬಂದಾಗಲೆಲ್ಲ ಆ್ಯಪ್ ಹೇಗಿದೆ, ವಿಡಿಯೋ ಬರುತ್ತಾ ಅಂತಲೇ ಕೇಳುತ್ತಾರೆ. ಅಲ್ಲಿ ಕೂರುವ ಜನರನ್ನು ಎಲ್ಲಿಂದ ತರುತ್ತೀರಿ ಎಂದು ಕೇಳುವವರು ಕಡಿಮೆ. ನಾನು ಕಂಡಿದ್ದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಆಗ ಸೇನೆಯ ಡಾಕ್ಟರುಗಳ ಮೇಲೆ ಎಲ್ಲ ಕಡೆಯಿಂದ ಒತ್ತಡ ಇತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿದ ಕೋವಿಡ್ ಆಸ್ಪತ್ರೆಗಳಿಗೆ ಹೋಗಿದ್ದವರು ಅವರೇ. ಸೇನಾ ಆಸ್ಪತ್ರೆಗಳ ಕೋವಿಡ್ ವಾರ್ಡುಗಳಲ್ಲಿ ಇದ್ದವರೂ ಅವರೇ. ಹಾಗಾದರೆ ಬಿಪಿ, ಶುಗರ್, ಥೈರಾಯ್ಡ್ ಅಂತ ಬರುವ ಮಾಮೂಲಿ ರೋಗಿಗಳನ್ನು ನೋಡುವವರು ಯಾರು? ಸರ್ಕಾರ ಬೇರೆ ಬೇರೆ ದಾರಿ ಹಿಡಿಯಿತು. ಶಾರ್ಟ್ ಸರ್ವಿಸ್, ಅಂದ್ರೆ ಕೆಲವೇ ವರ್ಷಗಳ ಅವಧಿಗೆ ಸೇರಿದ ಡಾಕ್ಟರುಗಳ ಸೇವೆಯನ್ನು ಆ ವರ್ಷದ ಡಿಸೆಂಬರ್ 31ರವರೆಗೆ ಮುಂದುವರಿಸಿದರು. 2017ರಿಂದ 2021ರ ನಡುವೆ ಸೇವೆಯಿಂದ ಹೊರಬಂದ 400 ಡಾಕ್ಟರುಗಳನ್ನು ‘ಟೂರ್ ಆಫ್ ಡ್ಯೂಟಿ’ ಹೆಸರಲ್ಲಿ, ಹೆಚ್ಚೆಂದರೆ 11 ತಿಂಗಳಿಗೆ, ವಾಪಸ್ ಕರೆಯುವ ಆದೇಶ ಬಂತು. ನಾನು ಅದಕ್ಕಿಂತ ಮೊದಲೇ ಹೊರಬಂದಿದ್ದೆ, ಹಾಗಾಗಿ ಆ ಲೆಕ್ಕಕ್ಕೆ ಸೇರಲಿಲ್ಲ.

ನಮ್ಮಂಥ ಹಳಬರಿಗೆ ದಾರಿ ಆಗಿದ್ದು ಇ-ಸಂಜೀವನಿ. ಕೇಂದ್ರ ಆರೋಗ್ಯ ಇಲಾಖೆಯ ಈ ಆನ್‌ಲೈನ್ ಓಪಿಡಿ, ಅಂದ್ರೆ ಹೊರರೋಗಿ ವಿಭಾಗ, 2020ರ ಏಪ್ರಿಲ್‌ನಲ್ಲೇ ಶುರುವಾಗಿತ್ತು. 2021ರ ಮೇನಲ್ಲಿ ಅದರೊಳಗೆ ‘ಎಕ್ಸ್ ಡಿಫೆನ್ಸ್ ಓಪಿಡಿ’ ಎಂಬ ವಿಭಾಗ ತೆರೆದರು. ನಿವೃತ್ತ ಸೇನಾ ಡಾಕ್ಟರುಗಳು ಸ್ವಂತ ಇಷ್ಟದಿಂದ ಬಂದು ಕೂರಬೇಕು, ಯಾವ ನಾಗರಿಕರು ಬೇಕಾದರೂ ಕೇಳಬಹುದು, ದುಡ್ಡಿಲ್ಲ. ಆಗ ಮೂರೂ ಪಡೆಗಳ ಜಂಟಿ ಕಚೇರಿಯಲ್ಲಿ ವೈದ್ಯಕೀಯ ವಿಭಾಗ ನೋಡಿಕೊಳ್ಳುತ್ತಿದ್ದವರು ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ನಿವೃತ್ತ ಡಾಕ್ಟರುಗಳು ಬನ್ನಿ ಎಂದು ಅವರು ಕರೆ ಕೊಟ್ಟಿದ್ದು ನಮ್ಮ ಹಳೆಯ ಬ್ಯಾಚುಗಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅದೇ ತಿಂಗಳ 27ಕ್ಕೆ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಸೇನೆಗೇ ಮೀಸಲಾದ ‘ಸೇಹತ್’ ಓಪಿಡಿ ಉದ್ಘಾಟಿಸಿದರು. ಅದು ಸೇವೆಯಲ್ಲಿರುವವರಿಗೆ, ನಿವೃತ್ತರಿಗೆ ಮತ್ತು ಅವರ ಮನೆಯವರಿಗೆ. ಎರಡನ್ನೂ ಕಟ್ಟಿದ್ದು ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರ, ಹಾಗಾಗಿ ಒಂದು ಕಲಿತರೆ ಇನ್ನೊಂದು ಕಷ್ಟ ಆಗಲಿಲ್ಲ.

ಹೆಸರು ಕೊಡುವುದು ಸುಲಭ, ಕಾಗದ ಹೊಂದಿಸುವುದು ಅಷ್ಟು ಸುಲಭ ಅಲ್ಲ. ಕೇಳಿದ್ದು ಹೆಚ್ಚೇನಲ್ಲ: ಎಂಬಿಬಿಎಸ್ ಸರ್ಟಿಫಿಕೇಟ್, ಮೆಡಿಕಲ್ ಕೌನ್ಸಿಲ್ ನೋಂದಣಿ, ಗುರುತಿನ ಚೀಟಿ, ಸಹಿಯ ಸ್ಕ್ಯಾನ್. ಸಿಕ್ಕಿಹಾಕಿಕೊಂಡಿದ್ದು ನೋಂದಣಿಯಲ್ಲಿ. ಸೇನೆಯ ಡಾಕ್ಟರ್ ಓದಿದ್ದು ಒಂದು ರಾಜ್ಯ, ನೋಂದಣಿ ಮಾಡಿಸಿದ್ದು ಇನ್ನೊಂದು, ಮನೆ ಕಟ್ಟಿದ್ದು ಮತ್ತೊಂದು. ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಓದಿದ ಎಷ್ಟೋ ಜನರ ನೋಂದಣಿ ಮಹಾರಾಷ್ಟ್ರದಲ್ಲಿ. ಯೂನಿಟ್ ಬದಲಾಗುತ್ತಾ ಇಪ್ಪತ್ತು ಮೂವತ್ತು ವರ್ಷ ಸುತ್ತಿದವರಿಗೆ ನವೀಕರಣದ ನೆನಪೇ ಇರುವುದಿಲ್ಲ. ಸೇನೆಯೊಳಗೆ ಇದ್ದಾಗ ಯಾರೂ ಕೇಳಿರುವುದೂ ಇಲ್ಲ. ಒಳ್ಳೆ ಒಳ್ಳೆ ಡಾಕ್ಟರುಗಳು ಈ ಒಂದು ಕಾಗದಕ್ಕಾಗಿ ವಾರಗಟ್ಟಲೆ ಕಾದರು. ಹೊರಗೆ ರೋಗಿಗಳ ಸಾಲು, ಒಳಗೆ ಕುರ್ಚಿ ಖಾಲಿ. ನೋಡಲು ಸಂಕಟ ಆಗುತ್ತಿತ್ತು.

ಒಂದು ಸಮಾಧಾನ ಅಂದ್ರೆ 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ. ದೇಶದ ಯಾವುದೇ ರಾಜ್ಯದಲ್ಲಿ ನೋಂದಣಿ ಇದ್ದರೂ ಡಾಕ್ಟರ್ ಇಡೀ ದೇಶದ ರೋಗಿಗಳಿಗೆ ಫೋನಿನಲ್ಲಿ ಸಲಹೆ ಕೊಡಬಹುದು ಎಂದು ಅದು ಸ್ಪಷ್ಟವಾಗಿ ಹೇಳಿತು. ಮಹಾರಾಷ್ಟ್ರದ ನೋಂದಣಿ ಇಟ್ಟುಕೊಂಡು ಮೈಸೂರಿನಲ್ಲಿ ಕೂತು ಉತ್ತರ ಪ್ರದೇಶದ ರೋಗಿಯನ್ನು ನೋಡಲು ಅಡ್ಡಿ ಇಲ್ಲ. ಸೇನೆಯವರಿಗೆ ಇದಕ್ಕಿಂತ ಒಪ್ಪುವ ನಿಯಮ ಇನ್ನೊಂದಿಲ್ಲ.

ತರಬೇತಿಯೂ ಆನ್‌ಲೈನ್‌ನಲ್ಲೇ. ಲಾಗಿನ್ ಆಗುವುದು, ಸಾಲಿನಲ್ಲಿರುವ ರೋಗಿಯನ್ನು ಕರೆಯುವುದು, ಕೊನೆಗೆ ಔಷಧದ ಚೀಟಿ ಟೈಪ್ ಮಾಡಿ ಕಳಿಸುವುದು, ಅಷ್ಟೇ. ಮೊಬೈಲಿಗೆ ಬರುವ ಒಟಿಪಿ ಹಾಕಿ ರೋಗಿ ಟೋಕನ್ ತೆಗೆದುಕೊಂಡು ಕಾಯುತ್ತಿರುತ್ತಾರೆ. ಕೈಬರಹದಲ್ಲೇ ಜೀವನ ಕಳೆದ ಹಿರಿಯರಿಗೆ ಟೈಪಿಂಗ್ ದೊಡ್ಡ ತಲೆನೋವು. ಒಬ್ಬರು, ತುಂಬಾ ಹೆಸರು ಮಾಡಿದ ಸರ್ಜನ್, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೈಪ್ ಮಾಡಿಸಲಾ ಎಂದು ಕೇಳಿದರು. ಆಗುವುದಿಲ್ಲ ಸರ್, ಎಂದೆ. ರೋಗಿ ಹೇಳುವುದು ಡಾಕ್ಟರಿಗೆ ಮಾತ್ರ, ಮನೆಯವರ ಕಿವಿಗೆ ಅದು ಬೀಳಬಾರದು. ಅವರು ತಕ್ಷಣ ಒಪ್ಪಿದರು. ಜಾಸ್ತಿ ಬರೆಯುವ ಸಲಹೆಗಳನ್ನು ಮೊದಲೇ ಟೈಪ್ ಮಾಡಿ ಇಟ್ಟುಕೊಂಡು, ಬೇಕಾದಾಗ ಅಂಟಿಸುವುದನ್ನು ಕಲಿತರು. ಆ ವಯಸ್ಸಿನಲ್ಲಿ ಅಷ್ಟು ತಾಳ್ಮೆ ತೋರಿದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಆ ದಿನಗಳ ಕರೆಗಳಲ್ಲಿ ಮುಕ್ಕಾಲು ಪಾಲು ಜ್ವರ ಮತ್ತು ಭಯ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆಯಾ, ಆಕ್ಸಿಜನ್ ಎಷ್ಟು ತೋರಿಸುತ್ತಿದೆ, ಮನೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡಿ, 94ಕ್ಕಿಂತ ಕೆಳಗೆ ಇಳಿಯಿತಾ? ದಿನವೆಲ್ಲ ಇದೇ ಮಾತು. ಎಷ್ಟೋ ಜನ ಎರಡನೇ ದಿನಕ್ಕೇ ಯಾರೋ ಹೇಳಿದರೆಂದು ಸ್ಟೀರಾಯ್ಡ್ ಶುರು ಮಾಡಿರುತ್ತಿದ್ದರು. ಆಕ್ಸಿಜನ್ ಸರಿ ಇರುವವರಿಗೆ ಅದು ಬೇಡ, ಬೇಗ ಕೊಟ್ಟರೆ ಕೆಡುಕೇ ಜಾಸ್ತಿ ಎಂದು ತಿಳಿಸಿ ಹೇಳಲು ಒಬ್ಬೊಬ್ಬರಿಗೂ ಸಮಯ ಬೇಕು. ಹೊರಗೆ ಸಾಲು ಬೆಳೆಯುತ್ತಿದ್ದರೂ ಆ ಸಮಯ ಕೊಡಲೇಬೇಕಿತ್ತು.

ಈ ಸಾಲು ನೋಡಿಯೇ ನಾನು ಡ್ಯೂಟಿ ಲಿಸ್ಟ್ ಕೆಲಸಕ್ಕೆ ಒಪ್ಪಿಕೊಂಡಿದ್ದು.

ಸೇನೆಯಲ್ಲಿ ಡ್ಯೂಟಿ ಹಾಕುವುದು ಸುಲಭ. ಆದೇಶ ಹೊರಡುತ್ತದೆ, ಜನ ಬರುತ್ತಾರೆ. ನಿವೃತ್ತರಿಗೆ ಆದೇಶ ಇಲ್ಲ, ವಿನಂತಿ ಮಾತ್ರ. ಹೆಸರು ಕೊಟ್ಟವರ ಪಟ್ಟಿ ಉದ್ದ ಇತ್ತು. ಆದರೆ ಆ ಪಟ್ಟಿ ನೋಡಿ ಡಾಕ್ಟರುಗಳು ಸಾಕಷ್ಟು ಇದ್ದಾರೆ ಅಂದುಕೊಂಡರೆ ಕೆಲಸ ಕೆಟ್ಟಿತು. ಸೇವೆಯಲ್ಲಿರುವ ಜವಾನನಿಗೆ ಬಿಡುವು ಸಿಗುವುದು ಸಂಜೆ, ಆಟದ ಹೊತ್ತಿನ ಗೇಮ್ಸ್ ಪೆರೇಡ್ ಮುಗಿದು ಹಾಜರಿಯ ರೋಲ್ ಕಾಲ್ ಆಗುವ ಮೊದಲು. ಊರಿನಲ್ಲಿರುವ ಹೆಂಡತಿ ಮಕ್ಕಳ ಕಾಯಿಲೆ ಬಗ್ಗೆ ಅವನು ಕೇಳುವುದೂ ಆಗಲೇ. ನಮ್ಮ ನಿವೃತ್ತ ಡಾಕ್ಟರುಗಳಲ್ಲಿ ಹಲವರು ಸಂಜೆ ಹೊತ್ತು ತಮ್ಮ ಕ್ಲಿನಿಕ್‌ನಲ್ಲಿ ಇರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರುಗಳು ಕಾಯುತ್ತಾ ಕೂತಿರುತ್ತಾರೆ, ಸಂಜೆ ಆರಕ್ಕೆ ರೋಗಿಗಳು ಕಾಯುತ್ತಾ ಕೂತಿರುತ್ತಾರೆ.

ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿದ್ದ ಕೆಲವು ಗೆಳೆಯರು, ನಮಗೆ ಆಗ ಬೆಳಿಗ್ಗೆ, ಸಂಜೆ ಡ್ಯೂಟಿ ನಮಗೆ ಕೊಡಿ ಎಂದು ಮುಂದೆ ಬಂದರು. ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಆದರೆ ಭಾರತದ ಹೊರಗಿನ ಸಲಹೆ ಟೆಲಿಮೆಡಿಸಿನ್ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ. ಬೇಡ ಎಂದು ಹೇಳಬೇಕಾಯಿತು. ಕೊನೆಗೆ ಉಪಾಯ ಹೊಳೆದಿದ್ದು ಡ್ಯೂಟಿಯನ್ನು ಚಿಕ್ಕದು ಮಾಡುವುದರಲ್ಲಿ. ನಾಲ್ಕು ಗಂಟೆ ಕೂರಿ ಅಂದ್ರೆ ಆಗಲ್ಲ ಅನ್ನುತ್ತಿದ್ದವರು ಒಂದೂವರೆ ಗಂಟೆ ಅಂದ್ರೆ ಖುಷಿಯಿಂದ ಒಪ್ಪಿದರು. ಕಣ್ಣು, ಬೆನ್ನು ಎರಡಕ್ಕೂ ಅದೇ ಒಳ್ಳೆಯದಿತ್ತು. ಪ್ರತಿ ಡ್ಯೂಟಿಗೂ ಒಬ್ಬರನ್ನು ಸ್ಟ್ಯಾಂಡ್‌ಬೈ ಇಟ್ಟೆವು. ಕರೆಂಟ್ ಹೋಯಿತು, ನೆಟ್ ಹೋಯಿತು, ಮನೆಯಲ್ಲೇ ಯಾರಿಗೋ ಕೋವಿಡ್ ಬಂತು, ಆ ದಿನಗಳಲ್ಲಿ ಇವೆಲ್ಲ ಮಾಮೂಲಿ. ಸ್ಟ್ಯಾಂಡ್‌ಬೈ ಇಲ್ಲದ ಲಿಸ್ಟ್ ಲಿಸ್ಟೇ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕೊರತೆ ಹೆಂಗಸರ ಡಾಕ್ಟರುಗಳದ್ದು. ಸೈನ್ಯದ ರೋಗಿ ಅಂದ ಕೂಡಲೇ ಗಂಡಸರ ಚಿತ್ರ ಕಣ್ಣಮುಂದೆ ಬರುತ್ತದೆ, ಅಲ್ವಾ? ಟೆಲಿ ಓಪಿಡಿಯಲ್ಲಿ ಹಾಗಿಲ್ಲ. ಗಂಡ ಗಡಿಯಲ್ಲಿ, ಹೆಂಡತಿ ಊರಲ್ಲಿ ಒಬ್ಬಳೇ, ಬಸುರಿ. ಹತ್ತಿರದ ಸೇನಾ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರ. ಇಂಥವರಿಗೆ ಮುಜುಗರ ಇಲ್ಲದೆ ಮಾತಾಡಲು ಹೆಂಗಸು ಡಾಕ್ಟರೇ ಬೇಕು. ನಮ್ಮ ತಲೆಮಾರಿನ ಸೇನಾ ಡಾಕ್ಟರುಗಳಲ್ಲಿ ಹೆಂಗಸರು ಕಡಿಮೆ. ಇದ್ದವರ ಮೇಲೆ ಭಾರ ವಿಪರೀತ ಬಿತ್ತು. ಅವರಲ್ಲಿ ಕೆಲವರು ತಮ್ಮ ಡ್ಯೂಟಿ ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ಅವರಿಗೆ ನಾನು ಎಷ್ಟು ಋಣಿ ಎಂದು ಬಾಯಿಬಿಟ್ಟು ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಸೇನೆಯಲ್ಲಿ ಹಿಂದಿ ಸಾಕು ಎಂಬ ನಂಬಿಕೆ ಇದೆ. ಜವಾನನಿಗೆ ಸಾಕು, ಒಪ್ಪುತ್ತೇನೆ. ಅವನ ತಾಯಿಗೆ? ಬೆಳಗಾವಿಯ ಸುತ್ತಿನ ಹಳ್ಳಿಗಳಿಂದ, ಕೊಡಗಿನಿಂದ, ಹಾಸನದಿಂದ ಸೈನ್ಯಕ್ಕೆ ಸೇರಿದವರ ಮನೆಗಳಲ್ಲಿ ಹಿರಿಯರಿಗೆ ಹಿಂದಿ ಬರುವುದಿಲ್ಲ. ಹಾಗೆ ಒಂದು ಕರೆಯಲ್ಲಿ ಎದುರಿಗಿದ್ದ ಹಿಂದಿ ಡಾಕ್ಟರಿಗೆ ಅರ್ಥವಾಗದೆ ನನ್ನನ್ನು ಫೋನಿನಲ್ಲಿ ಸೇರಿಸಿಕೊಂಡರು. ಅತ್ತ ಕಡೆ ತೀರಿಹೋದ ಸೈನಿಕರೊಬ್ಬರ ಹೆಂಡತಿ, ವಯಸ್ಸಾದವರು.

“ಅಮ್ಮಾ, ನಾನು ಕನ್ನಡದವನೇ. ಏನು ತೊಂದರೆ ಹೇಳಿ,” ಎಂದೆ.

“ಸಾಹೇಬ್ರ, ಗುಳಗಿ ಮುಗದು ಎಂಟ ದಿನಾ ಆತ್ರಿ. ಯಾವ ಗುಳಗಿ ಅಂತ ಕೇಳಿದ್ರ ಹೆಂಗ ಹೇಳ್ಲಿ? ಬೆಳಗ್ಗೆ ಬಿಳೇದ, ರಾತ್ರಿ ಕೆಂಪಂದು.”

ಬಿಳಿಯದು ಬಿಪಿಗೋ ಶುಗರಿಗೋ ಗೊತ್ತಿಲ್ಲ. ಮೊಮ್ಮಗನಿಂದ ಹಳೆಯ ಚೀಟಿಯ ಫೋಟೋ ತರಿಸಿ ನೋಡಿದ ಮೇಲೆ ಎಲ್ಲ ಹತ್ತೇ ನಿಮಿಷದಲ್ಲಿ ಸರಿಹೋಯಿತು. ಅವತ್ತಿನಿಂದ ಲಿಸ್ಟ್‌ನಲ್ಲಿ ಹೆಸರು, ಊರು, ವಿಭಾಗದ ಜೊತೆಗೆ ಬರುವ ಭಾಷೆಗಳ ಕಾಲಂ ಸೇರಿಸಿದೆವು. ಕನ್ನಡ, ತಮಿಳು, ಮಲಯಾಳಂ, ಪಂಜಾಬಿ, ನೇಪಾಳಿ, ಯಾರಿಗೆ ಯಾವುದು ಬರುತ್ತದೆ ಎಂದು ಗೊತ್ತಿದ್ದರೆ ಕರೆ ಬಂದ ಮೇಲೆ ಓಡಾಡುವುದು ತಪ್ಪುತ್ತದೆ. ಸೈನ್ಯದಲ್ಲಿ ದುಡಿದವರಿಗೆ ಮೂರು ನಾಲ್ಕು ಭಾಷೆ ಬರುವುದು ಸಾಮಾನ್ಯ. ಆದರೆ ಬರೆದಿಟ್ಟುಕೊಳ್ಳದಿದ್ದರೆ ಆ ಭಾಷೆ ರೋಗಿಗೆ ಸಿಗುವುದಿಲ್ಲ.

ಔಷಧದ ನಿಯಮಗಳನ್ನು ಎಲ್ಲ ಹೊಸಬರಿಗೂ ಕೂತು ವಿವರಿಸುತ್ತಿದ್ದೆ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನು ಬರೀ ಮಾತಿನಲ್ಲೂ ಬರೆಯಬಹುದು. ಇನ್ನು ಕೆಲವಕ್ಕೆ ಮೊದಲ ಸಲ ವಿಡಿಯೋದಲ್ಲಿ ರೋಗಿಯನ್ನು ನೋಡಲೇಬೇಕು. ಮತ್ತೆ ಕೆಲವು, ಹಳೆಯ ಕಾಯಿಲೆಗೇ ಮರಳಿ ಬಂದವರಿಗೆ ಮಾತ್ರ. ಕಟ್ಟುನಿಟ್ಟಿನ ನಿಯಂತ್ರಣದ ಶೆಡ್ಯೂಲ್ ಎಕ್ಸ್ ಪಟ್ಟಿಗೆ ಮತ್ತು ಮಾದಕ ವಸ್ತು ಕಾಯ್ದೆಗೆ ಸೇರಿದ ಔಷಧಗಳನ್ನು ಬರೆಯುವಂತಿಲ್ಲ. ಇಲ್ಲಿ ಮಾಜಿ ಸೈನಿಕರೊಂದಿಗೆ ನಿಜವಾದ ಕಷ್ಟ ಬರುತ್ತದೆ. ಭಾರ ಹೊತ್ತು ಬೆಟ್ಟ ಹತ್ತಿದ ಬೆನ್ನುಗಳು ಅವು. ನೋವಿನ ಔಷಧ ಟ್ರಮಡಾಲ್ ಕೊಡಿ ಎಂದು ಕೇಳುತ್ತಾರೆ. 2018ರಿಂದ ಅದೂ ಆ ಕಾಯ್ದೆಯಡಿ ಬಂದಿದೆ. ನೋವಿನಲ್ಲಿರುವವರಿಗೆ ಇಲ್ಲ ಅನ್ನುವುದು ಯಾವ ಡಾಕ್ಟರಿಗೂ ಇಷ್ಟ ಇಲ್ಲ. ಆದರೂ ಹತ್ತಿರದ ಆಸ್ಪತ್ರೆಗೆ ಹೋಗಿ ಎನ್ನದೆ ಬೇರೆ ದಾರಿ ಇರಲಿಲ್ಲ.

ಅಲೆ ಇಳಿದ ಮೇಲೆ ಸ್ವಯಂಸೇವಕರೂ ಕಡಿಮೆಯಾದರು. ಅದು ಸಹಜ. ಯಾರನ್ನೂ ದೂರುವುದಿಲ್ಲ. ಆದರೆ ಶುಗರ್, ಬಿಪಿ ಅಲೆ ನೋಡಿ ಬರುವುದಿಲ್ಲವಲ್ಲ. ವರ್ಷವಿಡೀ ನಡೆಯಬೇಕಾದ ಸೇವೆಯನ್ನು ಬರೀ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲಿಸಲು ಆಗುವುದಿಲ್ಲ, ಸಂಬಳದ ಜನ ಬೇಕು ಎಂದು ನನಗೆ ಖಚಿತವಾಗಿದ್ದು ಆಗಲೇ. ಅದೇ ಹೊತ್ತಿಗೆ ಪಾಲಿಕ್ಲಿನಿಕ್ ಕೆಲಸದ ಜಾಹೀರಾತು ಕಂಡಿತು, ಅರ್ಜಿ ಹಾಕಿದೆ.

ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ದೇಶದಾದ್ಯಂತ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಅಲ್ಲಿನ ಮೆಡಿಕಲ್ ಆಫೀಸರ್, ನರ್ಸಿಂಗ್ ಅಸಿಸ್ಟೆಂಟ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಕ್ಲರ್ಕ್, ಎಲ್ಲರೂ ಒಪ್ಪಂದದವರು. ಸಂದರ್ಶನ ಬೇಗ ಮುಗಿಯಿತು, ಆಮೇಲಿನ ಕಾಗದಪತ್ರಕ್ಕೆ ಸಮಯ ಹಿಡಿಯಿತು. ಅದನ್ನು ಹೆಚ್ಚು ಹೇಳುವುದಿಲ್ಲ.

ಸ್ಕ್ರೀನಿನ ಇನ್ನೊಂದು ಬದಿ ನನಗೆ ಸರಿಯಾಗಿ ಕಂಡಿದ್ದು ಇಲ್ಲಿ. ಅಲ್ಲಿಯವರೆಗೆ ನಾನು ಸಲಹೆ ಕೊಡುವ ಕಡೆ ಇದ್ದೆ. ಇಲ್ಲಿ ಸ್ಪೆಷಲಿಸ್ಟ್ ದೂರದ ಆಸ್ಪತ್ರೆಯಲ್ಲಿ, ರೋಗಿ ನಮ್ಮ ಎದುರು. ಕ್ಯಾಮೆರಾ ಹಿಡಿಯುವುದು, ಬಿಪಿ ನೋಡುವುದು, ಕಾಲಿನ ಗಾಯವನ್ನು ಬೆಳಕಿಗೆ ತಂದು ತೋರಿಸುವುದು, ಕಿವಿ ಕೇಳದ ಅಜ್ಜನಿಗೆ ಡಾಕ್ಟರ್ ಹೇಳಿದ್ದನ್ನು ಜೋರಾಗಿ ಮತ್ತೊಮ್ಮೆ ಹೇಳುವುದು, ಎಲ್ಲ ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ನಮ್ಮಲ್ಲಿದ್ದವರು ಸೇನೆಯಲ್ಲೇ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದ ಮಾಜಿ ಹವಾಲ್ದಾರ್. ಗಡಿಯ ಪೋಸ್ಟ್‌ಗಳಲ್ಲಿ ಡಾಕ್ಟರ್ ಇಲ್ಲದೆ ಎಷ್ಟೋ ದಿನ ಒಬ್ಬರೇ ನಿಭಾಯಿಸಿದವರು. ಸ್ಪೆಷಲಿಸ್ಟ್ ಕೇಳುವ ಮೊದಲೇ ಏನು ತೋರಿಸಬೇಕು ಎಂಬುದು ಅವರಿಗೆ ಗೊತ್ತಿರುತ್ತಿತ್ತು. “ಸರ್, ಪಾದದ ಅಡಿಯಲ್ಲಿ ಸ್ಪರ್ಶ ಕಡಿಮೆ ಇದೆ, ಅದನ್ನೂ ಹೇಳಿಬಿಡಿ,” ಎಂದು ಪಕ್ಕದಿಂದ ಮೆಲ್ಲಗೆ ಹೇಳುತ್ತಿದ್ದರು. ಶುಗರ್ ಇರುವವರ ಪಾದ ಉಳಿಯುವುದು ಇಂಥ ಒಂದು ಮಾತಿನಿಂದ.

ಅವರ ಒಪ್ಪಂದದ ಅವಧಿ ಮುಗಿದು, ಹೊಸಬರು ಬರುವವರೆಗೆ ಆ ಜಾಗ ಖಾಲಿ ಇತ್ತು. ಕಂಪ್ಯೂಟರ್ ಅದೇ, ನೆಟ್ ಅದೇ, ಅತ್ತ ಕಡೆಯ ಸ್ಪೆಷಲಿಸ್ಟೂ ಅವರೇ. ಆದರೂ ಟೆಲಿ ಕನ್ಸಲ್ಟೇಶನ್ ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಒಬ್ಬನೇ ಓಪಿಡಿ ಸಾಲು ನೋಡಿಕೊಂಡು ಕ್ಯಾಮೆರಾವನ್ನೂ ಹಿಡಿಯಲು ಆಗಲಿಲ್ಲ. ರೋಗಿಗಳನ್ನು ಮತ್ತೆ ರೆಫರಲ್ ಕೊಟ್ಟು ಬಸ್ ಹತ್ತಿಸಬೇಕಾಯಿತು. ಎಂಬತ್ತು ದಾಟಿದವರು, 1971ರ ಯುದ್ಧ ಕಂಡವರು, ಹತ್ತು ನಿಮಿಷದ ಮಾತಿಗಾಗಿ ದಿನವಿಡೀ ಪ್ರಯಾಣ ಮಾಡಿದರು. ಒಂದು ಜಾಗ ಖಾಲಿ ಬಿದ್ದಾಗ ಏನೇನು ನಿಲ್ಲುತ್ತದೆ ಎಂದು ಮೇಲಿನವರಿಗೆ ಪತ್ರ ಬರೆದೆ, ಮತ್ತೆ ಮತ್ತೆ ಬರೆದೆ. ಒಪ್ಪಂದ ಮುಗಿಯುವ ದಿನಾಂಕ ವರ್ಷದ ಮೊದಲೇ ಗೊತ್ತಿರುತ್ತದೆ. ಬದಲಿಗೆ ಬರುವವರ ಆಯ್ಕೆ ಅದಕ್ಕೆ ಮೂರು ತಿಂಗಳ ಮೊದಲೇ ಮುಗಿಯಬೇಕು, ಹಳಬರು ಇರುವಾಗಲೇ ಹೊಸಬರು ಬಂದು ಕೆಲಸ ಕಲಿಯಬೇಕು. ನನ್ನ ಬೇಡಿಕೆ ಇಷ್ಟೇ, ಈಗಲೂ ಇದೇ.

ಮಾನಸಿಕ ಆರೋಗ್ಯದ ಕರೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಐ ರೂಮಿನಲ್ಲಿ, ಅಂದ್ರೆ ಯೂನಿಟ್‌ನ ಚಿಕಿತ್ಸಾ ಕೊಠಡಿಯಲ್ಲಿ, ಗೊತ್ತಿರುವ ಹುಡುಗರ ಎದುರು, ನನಗೆ ನಿದ್ದೆ ಬರುತ್ತಿಲ್ಲ, ಮನಸ್ಸು ಸರಿ ಇಲ್ಲ ಎಂದು ಜವಾನ ಬಾಯಿ ಬಿಡುವುದಿಲ್ಲ. ಯೂನಿಟ್‌ಗೆ ಗೊತ್ತಾದರೆ ಮೆಡಿಕಲ್ ಕ್ಯಾಟಗರಿ, ಅಂದ್ರೆ ಆರೋಗ್ಯದ ದರ್ಜೆ, ಇಳಿಯುತ್ತದೆ ಎಂಬ ಭಯ. ಫೋನಿನಲ್ಲಿ ಮಾತಾಡುತ್ತಾನೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಗೆ, ಅಂದ್ರೆ 14416ಕ್ಕೆ, ದೇಶದ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2023ರ ಡಿಸೆಂಬರ್‌ನಲ್ಲಿ ಸೇನೆಯವರಿಗೇ ಅಂತ ಅದರ ಒಂದು ವಿಶೇಷ ವಿಭಾಗ ಪುಣೆಯ ಎಎಫ್‌ಎಂಸಿಯಲ್ಲಿ ಶುರುವಾಯಿತು. ಈ ಸುದ್ದಿ ಓದಿದಾಗ ನನಗೆ ಬಹಳ ಸಂತೋಷ ಆಯಿತು. ಸೇನೆಯ ಬದುಕು ಗೊತ್ತಿರುವವರು ಅತ್ತ ಕಡೆ ಇದ್ದರೆ, ರಜೆ ಸಿಗಲಿಲ್ಲ ಎಂಬ ಮಾತಿನ ಹಿಂದೆ ಎಷ್ಟು ಇದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಓದುತ್ತಿರುವವರಲ್ಲಿ ಸೇನೆಯಿಂದ ಬಂದ ಡಾಕ್ಟರುಗಳು, ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಸಿಸ್ಟರ್‌ಗಳು, ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಇರಬಹುದು. ಸೇರುವ ಮನಸ್ಸಿದ್ದರೆ ಮೊದಲು ನಿಮ್ಮ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ, ಇಲ್ಲದಿದ್ದರೆ ಇವತ್ತೇ ನವೀಕರಣಕ್ಕೆ ಹಾಕಿ. ರಿಲೀಸ್ ಆರ್ಡರ್ ಅಥವಾ ಡಿಸ್ಚಾರ್ಜ್ ಬುಕ್, ಕೋರ್ಸ್ ಸರ್ಟಿಫಿಕೇಟ್‌ಗಳು, ಅನುಭವದ ಪತ್ರ, ಎಲ್ಲದರ ಸ್ಕ್ಯಾನ್ ಒಂದೇ ಕಡೆ ಇಟ್ಟುಕೊಳ್ಳಿ. ಪಾಲಿಕ್ಲಿನಿಕ್ ಕೆಲಸಗಳ ಜಾಹೀರಾತು ಇಸಿಎಚ್‌ಎಸ್ ವೆಬ್‌ಸೈಟಿನಲ್ಲಿ ಬರುತ್ತದೆ, ಹತ್ತಿರದ ಸೇನಾ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲೂ ವಿಚಾರಿಸಬಹುದು. ಮೆಡಿಕಲ್ ಆಫೀಸರ್ ಆಗಲು ಎಂಬಿಬಿಎಸ್ ಜೊತೆಗೆ ಇಂಟರ್ನ್‌ಶಿಪ್ ನಂತರದ 5 ವರ್ಷ ಅನುಭವ ಕೇಳುತ್ತಾರೆ. ನಿಮಗೆ ಬರುವ ಭಾಷೆಗಳನ್ನು ಅರ್ಜಿಯಲ್ಲಿ ಕೇಳದಿದ್ದರೂ ಬರೆಯಿರಿ. ಸಂಜೆ ಕೂರಲು ಆಗುತ್ತದೆ ಎಂದಾದರೆ ಅದನ್ನೂ ಬರೆಯಿರಿ.